ಲಿನಕ್ಸ್ ಕರ್ನಲ್ ಡ್ರೈವರ್‌ನ ಮೆಮೊರಿ ಬಗ್ ಹಿಡಿದು ಸರಿಮಾಡುವುದು ಹೇಗೆ: ಸೋರಿಕೆಯಿಂದ ಪ್ಯಾಚ್‌ವರೆಗೆ

ಯೂಸರ್ ಪ್ರೋಗ್ರಾಂ ಮೆಮೊರಿ ಸೋರಿಸಿದರೆ, ಅಂದರೆ ತೆಗೆದುಕೊಂಡದ್ದನ್ನು ವಾಪಸ್ ಕೊಡದೆ ಬಿಟ್ಟರೆ, ಅಂಥ ತಲೆನೋವೇನಿಲ್ಲ. ಪ್ರೋಗ್ರಾಂ ಮುಚ್ಚಿದ ಕೂಡಲೇ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಎಲ್ಲವನ್ನೂ ವಾಪಸ್ ತೆಗೆದುಕೊಳ್ಳುತ್ತದೆ. ಕರ್ನಲ್ಲೇ ಸೋರಿಸಿದರೆ ವಾಪಸ್ ತೆಗೆದುಕೊಳ್ಳುವವರು ಯಾರೂ ಇಲ್ಲ, ರೀಬೂಟ್ ಆಗುವವರೆಗೂ ಅದು ಹೋದದ್ದೇ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟುವುದು, ಅಂದರೆ ಯೂಸ್ ಆಫ್ಟರ್ ಫ್ರೀ. ಮನೆ ಖಾಲಿ ಮಾಡಿದ ಬಾಡಿಗೆದಾರ ಹಳೇ ಬೀಗದಕೈ ಇಟ್ಟುಕೊಂಡು, ಹೊಸಬರು ಸೇರಿದ ಮೇಲೂ ಬಂದು ಬಾಗಿಲು ತೆಗೆದ ಹಾಗೆ. ಗಲಾಟೆ ಆಗುವುದು ಹೊಸಬರ ಮನೆಯಲ್ಲಿ, ತಪ್ಪು ಹಳಬನದು. ಅದಕ್ಕೇ ಕ್ರ್ಯಾಶ್ ಆದ ಸಾಲನ್ನೇ ದಿಟ್ಟಿಸಿಕೊಂಡು ಕೂತರೆ ಉತ್ತರ ಸಿಗುವುದು ಅಪರೂಪ.

ಬಗ್ ಯಾವ ಜಾತಿಯದೇ ಇರಲಿ, ಕೇಳಬೇಕಾದದ್ದು ಇಷ್ಟೇ: ಈ ಮೆಮೊರಿಯನ್ನು ಯಾರು ಯಾರು ಹಿಡಿದುಕೊಂಡಿದ್ದಾರೆ, ಅವರಲ್ಲಿ ಕೊನೆಗೆ ಕೈ ಬಿಡುವವರು ಯಾರು? ಇದಕ್ಕೆ ಉತ್ತರ ಗೊತ್ತಾಗುವ ಮೊದಲು ಬರೆದ ಪ್ಯಾಚ್ (ಕೋಡಿನ ತಿದ್ದುಪಡಿ) ಬಗ್‌ನ ಜಾಗ ಬದಲಿಸುತ್ತದೆ, ಅಷ್ಟೇ.

ಒಂದು ಉದಾಹರಣೆ ಇಟ್ಟುಕೊಂಡು ಮುಂದೆ ಹೋಗೋಣ. ಇದು ವಿವರಿಸಲು ಕಟ್ಟಿದ ಡ್ರೈವರ್ (ಸಾಧನವನ್ನು ನಡೆಸುವ ಕರ್ನಲ್ ಕೋಡ್), ಆದರೆ ಇಂಥ ತಪ್ಪು ನಿಜವಾದ ಡ್ರೈವರ್‌ಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ. ಯುಎಸ್‌ಬಿಗೆ ಚುಚ್ಚುವ ಟೆಂಪರೇಚರ್ ಸೆನ್ಸರ್. ಚುಚ್ಚಿದಾಗ ಪ್ರೋಬ್ ಫಂಕ್ಷನ್ ಓಡಿ ಒಂದು ಸ್ಟ್ರಕ್ಟ್ (ಸಾಧನದ ವಿವರಗಳ ಕಟ್ಟು), ಓದಿದ್ದನ್ನು ಇಡಲು 512 ಬೈಟಿನ ಒಂದು ಬಫರ್ ತೆಗೆದುಕೊಳ್ಳುತ್ತದೆ. ಸ್ಟ್ರಕ್ಟ್ ಒಳಗೆ ಒಂದು ಡಿಲೇಡ್ ವರ್ಕ್ (ಸ್ವಲ್ಪ ಹೊತ್ತಿನ ನಂತರ ಓಡಲು ಕ್ಯೂಗೆ ಹಾಕುವ ಕೆಲಸ) ಇದೆ, ಅದು ಸೆಕೆಂಡಿಗೊಮ್ಮೆ ಸೆನ್ಸರ್ ಓದಿ ಬಫರ್ ತುಂಬಿಸಿ, ಮತ್ತೆ ತನ್ನನ್ನೇ ಕ್ಯೂಗೆ ಹಾಕಿಕೊಳ್ಳುತ್ತದೆ. ಯಾರಾದರೂ ಡಿವೈಸ್ ಫೈಲ್ ತೆರೆದು ಓದಿದರೆ ಬಫರಿನಿಂದ ಕಾಪಿ ಮಾಡಿ ಕೊಡುತ್ತದೆ. ಕಿತ್ತಾಗ ಡಿಸ್ಕನೆಕ್ಟ್ ಫಂಕ್ಷನ್ ಓಡಿ, "ಕಿತ್ತಾಯಿತು" ಎಂಬ ಫ್ಲ್ಯಾಗ್ ಹಾಕಿ ಹೊರಟುಹೋಗುತ್ತದೆ. ಫ್ಲ್ಯಾಗ್ ಕಂಡ ವರ್ಕ್ ಮತ್ತೆ ಕ್ಯೂಗೆ ಸೇರುವುದಿಲ್ಲ. ಆದರೆ ಯಾರೂ ಏನನ್ನೂ ಫ್ರೀ ಮಾಡುವುದಿಲ್ಲ, ಅಂದರೆ ಮೆಮೊರಿ ವಾಪಸ್ ಕೊಡುವುದಿಲ್ಲ. ಬಳಕೆದಾರರ ದೂರು: "ಕಿತ್ತು ಚುಚ್ಚಿದಷ್ಟೂ ಮೆಮೊರಿ ಕಮ್ಮಿ ಆಗ್ತಾ ಹೋಗುತ್ತೆ, ರೀಬೂಟ್ ಮಾಡಿದ್ರೆ ಸರಿ ಹೋಗುತ್ತೆ."

ಮೊದಲು ಕೆಲಸದ ಜಾಗ

ನಿಮ್ಮ ಲ್ಯಾಪ್‌ಟಾಪಿನ ಕರ್ನಲ್ ಮೇಲೆ ಇದನ್ನು ಮಾಡಬೇಡಿ. ಕ್ಯೂಎಮು ಎಂಬ ಎಮ್ಯುಲೇಟರ್ ಒಳಗೆ ಒಂದು ಸಣ್ಣ ವರ್ಚುವಲ್ ಮೆಷಿನ್ ಸಾಕು, ಅಸಲಿ ಯುಎಸ್‌ಬಿ ಸಾಧನವನ್ನೂ ಅದರೊಳಗೆ ದಾಟಿಸಬಹುದು. ಸೀರಿಯಲ್ ಕನ್ಸೋಲ್‌ನ ಲಾಗ್ ಹೊರಗಿನ ಫೈಲಿಗೆ ಬೀಳುವ ಹಾಗೆ ಮಾಡಿಕೊಳ್ಳಿ, ಏಕೆಂದರೆ ಕರ್ನಲ್ ಸಾಯುವಾಗ ಹೇಳಿದ ಕೊನೆಯ ಮಾತು ಡಿಸ್ಕಿಗೆ ತಲುಪುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

ಒಂದೇ ಸೋರ್ಸ್‌ನಿಂದ ಎರಡು ಬಿಲ್ಡ್ ಮಾಡಿ. ಮೊದಲನೆಯದರಲ್ಲಿ ಸೋರಿಕೆ ಹುಡುಕುವ ಕೆಮೆಮ್‌ಲೀಕ್ ಆನ್ ಇರಲಿ. ಎರಡನೆಯದರಲ್ಲಿ ತಪ್ಪು ಮೆಮೊರಿ ಮುಟ್ಟಿದರೆ ಹಿಡಿಯುವ ಕಾಸಾನ್, ಬಳಕೆಯಲ್ಲಿರುವ ವಸ್ತುವನ್ನು ಫ್ರೀ ಮಾಡಿದರೆ ಹಿಡಿಯುವ ಡಿಬಗ್ ಆಬ್ಜೆಕ್ಟ್ಸ್ (ವರ್ಕ್, ಟೈಮರ್, ಫ್ರೀ ಮೂರೂ) ಮತ್ತು ಲಾಕ್ ತಪ್ಪು ಹಿಡಿಯುವ ಲಾಕ್‌ಡೆಪ್ ಇರಲಿ. ಎರಡಕ್ಕೂ ಡಿಬಗ್ ಇನ್ಫೊ ಬೇಕೇ ಬೇಕು. ಎಲ್ಲವನ್ನೂ ಒಂದೇ ಬಿಲ್ಡ್‌ಗೆ ತುರುಕಬಹುದು, ಕೆಲಸವೂ ಮಾಡುತ್ತದೆ, ಆದರೆ ಕಾಸಾನ್ ಫ್ರೀ ಆದ ವಸ್ತುಗಳನ್ನು ಕೂಡಲೇ ಬಿಡದೆ ಕ್ವಾರಂಟೈನ್‌ನಲ್ಲಿ ಇಟ್ಟುಕೊಳ್ಳುತ್ತದೆ, ಅದು ಒಟ್ಟು ರ‍್ಯಾಮಿನ 32ರಲ್ಲಿ ಒಂದು ಭಾಗದವರೆಗೂ ಬೆಳೆಯಬಹುದು. ಆಗ ಸ್ಲ್ಯಾಬ್ (ಕರ್ನಲ್ ತನ್ನ ಸಣ್ಣ ವಸ್ತುಗಳಿಗೆ ಇಡುವ ಮೆಮೊರಿ) ಅಂಕಿಗಳು ಉಬ್ಬಿಕೊಂಡು, ಸೋರದೇ ಇರುವುದೂ ಸೋರಿದಂತೆ ಕಾಣುತ್ತದೆ.

ನಿಜವಾಗಿ ಸೋರುತ್ತಿದೆಯೇ?

ಪ್ರಾಕ್ ಡೈರೆಕ್ಟರಿಯ ಕೆಳಗಿನ ಮೆಮ್‌ಇನ್ಫೊ ಫೈಲ್ ತೆರೆಯಿರಿ. ಹೊಸಬರು ಮೆಮ್‌ಫ್ರೀ ಸಾಲು ನೋಡಿ ಗಾಬರಿಯಾಗುತ್ತಾರೆ. ಅದು ಕಮ್ಮಿ ಇರುವುದು ಸಹಜ, ಖಾಲಿ ಇರುವ ರ‍್ಯಾಮನ್ನು ಕರ್ನಲ್ ಫೈಲ್ ಕ್ಯಾಶ್‌ಗೆ ಬಳಸಿಕೊಳ್ಳುತ್ತದೆ. ನೀವು ನೋಡಬೇಕಾದದ್ದು ಮೆಮ್‌ಅವೈಲಬಲ್ ಮತ್ತು ಎಸ್‌ಅನ್‌ರಿಕ್ಲೇಮ್. ಎರಡನೆಯದು ಕರ್ನಲ್ ತನಗಾಗಿ ತೆಗೆದುಕೊಂಡ, ಒತ್ತಡ ಬಂದರೂ ವಾಪಸ್ ಕೊಡಲಾಗದ ಸ್ಲ್ಯಾಬ್ ಮೆಮೊರಿ. ಇದು ಏರುತ್ತಲೇ ಇದ್ದು ಇಳಿಯುವುದೇ ಇಲ್ಲ ಅಂದರೆ ಅನುಮಾನ ಪಡಿ.

ಆಮೇಲೆ ರೂಟ್ ಆಗಿ, ಸ್ಲ್ಯಾಬ್ ಬಳಕೆ ತೋರಿಸುವ ಸ್ಲ್ಯಾಬ್‌ಟಾಪ್ ಓಡಿಸಿ. ನಮ್ಮ ಉದಾಹರಣೆಯಲ್ಲಿ ಕೆಮ್ಯಾಲಾಕ್-512 (512 ಬೈಟ್ ಅಳತೆಯ ವಸ್ತುಗಳ ಕ್ಯಾಶ್) ಸಾಲು ಉಬ್ಬುತ್ತಿರುತ್ತದೆ. ಇಲ್ಲೊಂದು ಕೊಕ್ಕೆ ಇದೆ: ಸ್ಲ್ಯಾಬ್ ಮೆಮೊರಿ ಹಂಚುವ ಸ್ಲಬ್ ಅಲೊಕೇಟರ್ ಒಂದೇ ಅಳತೆಯ ಬೇರೆ ಬೇರೆ ಕ್ಯಾಶ್‌ಗಳನ್ನು ಸೇರಿಸಿಬಿಡುತ್ತದೆ, ಹಾಗಾಗಿ ನೀವು ನೋಡುವ ಹೆಸರು ಅಸಲಿ ಆರೋಪಿಯದೇ ಆಗಿರಬೇಕೆಂದಿಲ್ಲ. ಬೂಟ್ ಸಾಲಿಗೆ ಸ್ಲ್ಯಾಬ್-ನೋಮರ್ಜ್ ಆಯ್ಕೆ ಸೇರಿಸಿ ಮತ್ತೆ ನೋಡಿ.

ಸಾಧನವನ್ನು ಕೈಯಲ್ಲಿ ಕಿತ್ತು ಚುಚ್ಚುತ್ತ ಕೂರಬೇಕಾಗಿಲ್ಲ. ಸಿಸ್‌ಎಫ್‌ಎಸ್‌ನಲ್ಲಿ (ಸಾಧನಗಳನ್ನು ಫೈಲುಗಳಾಗಿ ತೋರಿಸುವ ಜಾಗ) ಆ ಡ್ರೈವರಿನ ಡೈರೆಕ್ಟರಿಯೊಳಗೆ ಅನ್‌ಬೈಂಡ್, ಬೈಂಡ್ ಎಂಬ ಎರಡು ಫೈಲುಗಳಿವೆ. ಮೊದಲನೆಯದಕ್ಕೆ ಬರೆದರೆ ಕಿತ್ತಂತೆ, ಎರಡನೆಯದಕ್ಕೆ ಬರೆದರೆ ಚುಚ್ಚಿದಂತೆ. ಇಂಟರ್‌ಫೇಸಿನ ಹೆಸರನ್ನು ಒಂದಾದ ಮೇಲೊಂದಕ್ಕೆ ಬರೆಯುವ ಲೂಪ್ ಹಾಕಿ. ಸಾವಿರ ಸುತ್ತಿಗೆ ಕೆಮ್ಯಾಲಾಕ್-512ರಲ್ಲಿ ಹೆಚ್ಚುಕಡಿಮೆ ಸಾವಿರ ವಸ್ತು ಜಾಸ್ತಿಯಾದರೆ ಸುತ್ತಿಗೊಂದು ಸೋರುತ್ತಿದೆ, ಎರಡು ಸಾವಿರವಾದರೆ ಎರಡು. ಈ ಲೆಕ್ಕ ಮುಂದೆ ಪ್ಯಾಚ್ ಸರಿಯಾಗಿದೆಯೇ ನೋಡುವುದಕ್ಕೂ ಬೇಕು, ಬರೆದಿಟ್ಟುಕೊಳ್ಳಿ.

ಕೆಮೆಮ್‌ಲೀಕ್ ಕೈಗೆ ಕೊಡುವ ಸುಳಿವು

ಕೆಮೆಮ್‌ಲೀಕ್ 2009ರಿಂದಲೂ, ಅಂದರೆ 2.6.31ರಿಂದ, ಕರ್ನಲ್ ಒಳಗೇ ಇದೆ. ಕೆಲಸದ ರೀತಿ ಸರಳ. ಪ್ರತಿ ಅಲೊಕೇಶನ್‌ನ (ತೆಗೆದುಕೊಂಡ ಮೆಮೊರಿಯ) ವಿಳಾಸ ಮತ್ತು ಕರೆದವರ ಸ್ಟ್ಯಾಕ್ (ಫಂಕ್ಷನ್ ಕರೆಗಳ ಸರಪಣಿ) ಬರೆದಿಟ್ಟುಕೊಳ್ಳುತ್ತದೆ, ಆಗಾಗ ಕರ್ನಲ್‌ನ ಡೇಟಾ ಎಲ್ಲ ಜಾಲಾಡಿ, ಯಾವ ವಿಳಾಸಕ್ಕೆ ಎಲ್ಲೂ ಪಾಯಿಂಟರ್ ಉಳಿದಿಲ್ಲವೋ ಅದನ್ನು ಅನಾಥ ಎಂದು ಹೇಳುತ್ತದೆ. ತಾನಾಗಿಯೇ 10 ನಿಮಿಷಕ್ಕೊಮ್ಮೆ ಹುಡುಕುತ್ತದೆ, ಆದರೆ ಅಷ್ಟು ಕಾಯುವವರು ಯಾರು. ಡಿಬಗ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಂ ಮೌಂಟ್ ಮಾಡಿ, ಅಲ್ಲಿನ ಕೆಮೆಮ್‌ಲೀಕ್ ಫೈಲಿಗೆ ಮೊದಲು ಕ್ಲಿಯರ್ ಎಂದು ಬರೆದು ಹಳೆಯದನ್ನು ಒರೆಸಿ, ಬೈಂಡ್ ಲೂಪ್ ಓಡಿಸಿ, ಕೆಲವು ಸೆಕೆಂಡ್ ಬಿಟ್ಟು ಸ್ಕ್ಯಾನ್ ಎಂದು ಬರೆಯಿರಿ. ಎರಡು ಸಲ ಬರೆದರೆ ಒಳ್ಳೆಯದು. ಆಮೇಲೆ ಅದೇ ಫೈಲ್ ಓದಿ.

ಪ್ರತಿ ಅನಾಥ ವಸ್ತುವಿಗೂ ಅಳತೆ, ತೆಗೆದುಕೊಂಡ ಪ್ರೋಸೆಸ್‌ನ ಹೆಸರು, ಮೊದಲ ಕೆಲವು ಬೈಟುಗಳು, ಬ್ಯಾಕ್‌ಟ್ರೇಸ್ ಇರುತ್ತವೆ. ಪ್ರೋಸೆಸ್ ಹೆಸರು ನೋಡಿ ಮೋಸಹೋಗಬೇಡಿ. ಸಿಸ್‌ಎಫ್‌ಎಸ್ ಮೂಲಕ ಬೈಂಡ್ ಮಾಡಿದ್ದರೆ ಅಲ್ಲಿ ಬ್ಯಾಶ್ ಎಂದಿರುತ್ತದೆ, ಕೈಯಲ್ಲಿ ಚುಚ್ಚಿದ್ದರೆ ಕೆವರ್ಕರ್ (ಕರ್ನಲ್‌ನ ಹಿನ್ನೆಲೆ ಕೆಲಸಗಾರ) ಎಂದಿರುತ್ತದೆ. ಬ್ಯಾಶ್ ಏನೂ ತಪ್ಪು ಮಾಡಿಲ್ಲ, ಪಾಪ. ಬ್ಯಾಕ್‌ಟ್ರೇಸ್‌ನಲ್ಲಿ ನಮ್ಮ ಪ್ರೋಬ್ ಫಂಕ್ಷನ್ ಇದೆಯೇ ನೋಡಿ, ವಿಳಾಸವನ್ನು ಸೋರ್ಸ್ ಸಾಲಿಗೆ ತಿರುಗಿಸಲು ಕರ್ನಲ್‌ನ ಸ್ಕ್ರಿಪ್ಟ್ಸ್ ಡೈರೆಕ್ಟರಿಯ ಎಫ್‌ಎಡಿಡಿಆರ್2ಲೈನ್ ಬಳಸಿ. ಸ್ಟ್ರಕ್ಟ್ ಮತ್ತು ಬಫರ್ ಎರಡೂ ಪಟ್ಟಿಯಲ್ಲಿ ಬರುತ್ತವೆ. ಸ್ಟ್ರಕ್ಟ್‌ಗೆ ಬಫರಿನ ಪಾಯಿಂಟರ್ ಇದ್ದರೂ ಸ್ಟ್ರಕ್ಟೇ ಅನಾಥ ಆಗಿರುವುದರಿಂದ ಅದರೊಳಗಿನ ಪಾಯಿಂಟರ್ ಲೆಕ್ಕಕ್ಕಿಲ್ಲ.

ಕೆಮೆಮ್‌ಲೀಕ್‌ಗೆ ಕಣ್ಣು ಕಾಣದ ಜಾಗಗಳೂ ಇವೆ. ಪೇಜ್ ಅಲೊಕೇಟರ್‌ನಿಂದ (ಸ್ಲ್ಯಾಬ್‌ಗೂ ಕೆಳಗಿನ, ಇಡೀ ಪೇಜು ಕೊಡುವ ಹಂತ) ನೇರವಾಗಿ ತೆಗೆದುಕೊಂಡ ಪೇಜುಗಳನ್ನು ಅದು ನೋಡುವುದಿಲ್ಲ. ಮೆಮ್‌ಅವೈಲಬಲ್ ಇಳಿಯುತ್ತಿದೆ, ಸ್ಲ್ಯಾಬ್ ಮಾತ್ರ ಅಲ್ಲಾಡಿಲ್ಲ ಅಂದರೆ ಪೇಜ್ ಓನರ್ ಎಂಬ ಇನ್ನೊಂದು ಸಲಕರಣೆ ಬೇಕು. ಇನ್ನು, ಪಟ್ಟಿಯೊಂದಕ್ಕೆ ಸೇರಿಸುತ್ತಲೇ ಹೋಗಿ ತೆಗೆಯುವುದನ್ನು ಮರೆತ ಕೋಡ್ ಇದ್ದರೆ ಪಾಯಿಂಟರ್ ಇದ್ದೇ ಇರುತ್ತದೆ, ಕೆಮೆಮ್‌ಲೀಕ್ ಬಾಯಿ ಬಿಡುವುದಿಲ್ಲ. ಅಲ್ಲಿ ಸ್ಲ್ಯಾಬ್ ಅಂಕಿಗಳೇ ಗತಿ.

ಕೆಫ್ರೀ ಸೇರಿಸುವ ಮೊದಲು ಇತಿಹಾಸ ಓದಿ

ಈಗ ಕೈ ತುರಿಸುತ್ತದೆ, ಅಲ್ವಾ? ಡಿಸ್ಕನೆಕ್ಟ್‌ನಲ್ಲಿ ಎರಡು ಕೆಫ್ರೀ (ಮೆಮೊರಿ ಬಿಟ್ಟುಕೊಡುವ ಫಂಕ್ಷನ್) ಸಾಲು ಹಾಕಿದರೆ ಮುಗಿಯಿತು ಅನಿಸುತ್ತದೆ. ಸ್ವಲ್ಪ ತಡೆಯಿರಿ. ಇಷ್ಟು ಸುಲಭದ ಸಾಲನ್ನು ಡ್ರೈವರ್ ಬರೆದವರು ಯಾಕೆ ಹಾಕಲಿಲ್ಲ? ಗಿಟ್ ಲಾಗ್‌ಗೆ ಆ ಫಂಕ್ಷನ್ನಿನ ಸಾಲುಗಳ ಇತಿಹಾಸವನ್ನಷ್ಟೇ ತೋರಿಸು ಎಂದು ಹೇಳಬಹುದು, ಒಂದು ಪದ ಸೇರಿದ ಮತ್ತು ಹೋದ ಕಮಿಟ್‌ಗಳನ್ನು (ದಾಖಲಾದ ಬದಲಾವಣೆಗಳನ್ನು) ಹುಡುಕು ಎಂದೂ ಹೇಳಬಹುದು. ಹುಡುಕಿದರೆ ಹಳೆಯ ಕಮಿಟ್ ಒಂದು ಸಿಗುತ್ತದೆ: "ಕಿತ್ತಾಗ ಕ್ರ್ಯಾಶ್ ಆಗುವುದನ್ನು ಸರಿಮಾಡಿದೆ". ಅದರಲ್ಲಿ ಮಾಡಿದ್ದೇನು ಅಂದರೆ, ಇದ್ದ ಎರಡು ಕೆಫ್ರೀಗಳನ್ನು ಅಳಿಸಿದ್ದು. ನನ್ನ ಪ್ರಕಾರ ಕರ್ನಲ್‌ನಲ್ಲಿ ಕಾಣುವ ಎಷ್ಟೋ ಸೋರಿಕೆಗಳು ಮರೆವಿನಿಂದ ಆದವಲ್ಲ, ಯಾರೋ ಒಂದು ಕ್ರ್ಯಾಶ್‌ಗೆ ಹಚ್ಚಿದ ಮುಲಾಮು.

ಹಳೇ ಕಮಿಟ್ ಓದುವುದು ದೊಡ್ಡ ಬಗ್‌ಗಳಲ್ಲೂ ಕೆಲಸಕ್ಕೆ ಬರುತ್ತದೆ. 2016ರ ಅಕ್ಟೋಬರ್‌ನಲ್ಲಿ ಸುದ್ದಿಯಾದ ಡರ್ಟಿ ಕೌ ಎಂಬ ಭದ್ರತಾ ಬಗ್ ನೆನಪಿದೆಯೇ? ಕಾಪಿ ಆನ್ ರೈಟ್ ಪೇಜಿನ (ಬರೆಯುವಾಗ ಮಾತ್ರ ಕಾಪಿ ಆಗುವ ಪೇಜಿನ) ರೇಸ್, ಅಂದರೆ ಇಬ್ಬರು ಒಂದೇ ಹೊತ್ತಿಗೆ ಮುಟ್ಟಿದಾಗ ಆಗುವ ಎಡವಟ್ಟು, ಓದಲು ಮಾತ್ರ ಅನುಮತಿ ಇದ್ದ ಫೈಲನ್ನು ಸಾಮಾನ್ಯ ಬಳಕೆದಾರ ತಿದ್ದಬಹುದಿತ್ತು. ಅದನ್ನು ಸರಿಮಾಡಿದ ಕಮಿಟ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆದಿರುವ ಪ್ರಕಾರ, ಹನ್ನೊಂದು ವರ್ಷ ಮೊದಲೇ ಅವರು ಅದಕ್ಕೊಂದು ತೇಪೆ ಹಾಕಿದ್ದರು, ಐಬಿಎಂನ ಎಸ್390 ಮೆಷಿನ್‌ಗಳಲ್ಲಿ ತೊಂದರೆಯಾಗಿ ಅದನ್ನು ತೆಗೆಯಲಾಗಿತ್ತು.

ಬೇಕೆಂದೇ ಕ್ರ್ಯಾಶ್ ಮಾಡಿಸಿ

ಈಗ ಆ ಎರಡು ಕೆಫ್ರೀ ಸಾಲುಗಳನ್ನು ವಾಪಸ್ ಹಾಕಿ, ಎರಡನೇ ಬಿಲ್ಡ್ ಬೂಟ್ ಮಾಡಿ. ಇದು ಪ್ಯಾಚ್ ಅಲ್ಲ, ಪ್ರಯೋಗ. ಒಂದು ಟರ್ಮಿನಲ್‌ನಲ್ಲಿ ಡಿವೈಸ್ ಫೈಲ್ ತೆರೆದು ಹಿಡಿದುಕೊಳ್ಳಿ, ಇನ್ನೊಂದರಲ್ಲಿ ಅನ್‌ಬೈಂಡ್ ಮಾಡಿ, ಮೊದಲನೆಯದರಲ್ಲಿ ಮತ್ತೆ ಓದಿ. ಕಾಸಾನ್ ಕೂಗಿಕೊಳ್ಳುತ್ತದೆ. ಜೆನೆರಿಕ್ ಕಾಸಾನ್ ಪ್ರತಿ 8 ಬೈಟಿಗೆ 1 ನೆರಳು ಬೈಟ್ ಇಟ್ಟುಕೊಂಡು ಪ್ರತಿ ಓದು ಬರಹವನ್ನೂ ಪರೀಕ್ಷೆ ಮಾಡುತ್ತದೆ. ಮೆಷಿನ್ ನಿಧಾನ ಆಗುತ್ತದೆ, ಆದರೆ ತಪ್ಪು ಆದ ಕ್ಷಣದಲ್ಲೇ ಹಿಡಿಯುತ್ತದೆ.

ರಿಪೋರ್ಟ್ ಉದ್ದ ಇರುತ್ತದೆ, ಹೆದರಬೇಡಿ. ಅದರಲ್ಲಿ ಮೂರು ಸ್ಟ್ಯಾಕ್ ಇವೆ. ಮೊದಲನೆಯದು ಮುಟ್ಟಿದವರದು: ನಮ್ಮ ರೀಡ್ ಫಂಕ್ಷನ್. ಎರಡನೆಯದು ಮೆಮೊರಿ ತೆಗೆದುಕೊಂಡವರದು: ಪ್ರೋಬ್. ಮೂರನೆಯದು ಫ್ರೀ ಮಾಡಿದವರದು: ಡಿಸ್ಕನೆಕ್ಟ್. ಎಲ್ಲರೂ ಮೊದಲನೆಯದನ್ನು ಓದಿ ಅಲ್ಲೇ ಒಂದು ಇಫ್ ಸೇರಿಸಲು ಹೋಗುತ್ತಾರೆ. ನೀವು ಮೂರನೆಯದರಿಂದ ಶುರುಮಾಡಿ. ಫ್ರೀ ಮಾಡುವವರು ಫ್ರೀ ಮಾಡುವಾಗ ಇನ್ನೂ ಯಾರು ಇದನ್ನು ಹಿಡಿದಿದ್ದಾರೆ ಎಂದು ನೋಡಿದರೇ? ಇಲ್ಲ. ಬಗ್ ಇರುವುದು ಅಲ್ಲೇ.

ವಸ್ತುವಿನೊಳಗೆ ಎಷ್ಟನೇ ಬೈಟ್ ಮುಟ್ಟಿದರು ಎಂಬುದನ್ನೂ ರಿಪೋರ್ಟ್ ಹೇಳುತ್ತದೆ. ಪಾಹೋಲ್ ಎಂಬ ಟೂಲ್‌ಗೆ ಸ್ಟ್ರಕ್ಟ್ ಹೆಸರು ಕೊಟ್ಟರೆ ಆ ಜಾಗದಲ್ಲಿ ಯಾವ ಫೀಲ್ಡ್ ಇದೆ ಎಂದು ಗೊತ್ತಾಗುತ್ತದೆ. ಕೊನೆಯಲ್ಲಿ ನೆರಳು ಬೈಟುಗಳ ಚಿತ್ರ ಇರುತ್ತದೆ: ಎಫ್‌ಬಿ ಅಂದರೆ ಫ್ರೀ ಆದದ್ದು, ಎಫ್‌ಸಿ ಅಂದರೆ ವಸ್ತುವಿನ ಅಕ್ಕಪಕ್ಕದ ಬೇಲಿ. ನೀವು ಬಿದ್ದದ್ದು ಎಫ್‌ಸಿ ಮೇಲಾದರೆ ಬಹುಶಃ ಅದು ಬಫರ್ ಓವರ್‌ಫ್ಲೋ, ಬೇರೆಯೇ ಕಥೆ. ಇನ್ನೊಂದು ವಿಷಯ: ಕಾಸಾನ್ ಸುಮ್ನೆ ಬಿಟ್ಟರೆ ಮೊದಲ ತಪ್ಪನ್ನು ಮಾತ್ರ ಹೇಳಿ ಸುಮ್ಮನಾಗುತ್ತದೆ. ಎಲ್ಲ ಬೇಕಾದರೆ ಬೂಟ್ ಸಾಲಿನಲ್ಲಿ ಕಾಸಾನ್-ಮಲ್ಟಿ-ಶಾಟ್ ಹಾಕಿ, ಆದರೂ ನಂಬಬೇಕಾದದ್ದು ಮೊದಲನೆಯದನ್ನೇ.

ಫೈಲ್ ತೆರೆಯದೆ ಬರೀ ಬೈಂಡ್, ಅನ್‌ಬೈಂಡ್ ಲೂಪ್ ಓಡಿಸಿದರೆ ಡಿಬಗ್ ಆಬ್ಜೆಕ್ಟ್ಸ್ ಇನ್ನೊಂದು ದೂರು ಹೇಳುತ್ತದೆ: ಇನ್ನೂ ಓಡುತ್ತಿರುವ ಟೈಮರನ್ನು ಫ್ರೀ ಮಾಡಿದ್ದೀರಿ, ಅದರ ಸುಳಿವು ಡಿಲೇಡ್ ವರ್ಕ್ ಟೈಮರ್ ಫಂಕ್ಷನ್. ಅಂದರೆ ಸೆಕೆಂಡಿಗೊಮ್ಮೆ ಏಳುವ ವರ್ಕ್ ಇನ್ನೂ ಕ್ಯೂನಲ್ಲಿದೆ, ಅದಕ್ಕೆ ಮನೆಯೇ ಇಲ್ಲ. ಹಾಗಾದರೆ ಹಿಡಿದಿರುವವರು ಮೂವರು: ಯುಎಸ್‌ಬಿ ಸಾಧನ, ತೆರೆದ ಫೈಲುಗಳು, ವರ್ಕ್.

ಕಾಸಾನ್ ಹಾಕಲಾಗದ ಚಾಲ್ತಿ ಸರ್ವರ್ ಆದರೆ? ಬೂಟ್ ಸಾಲಿನಲ್ಲಿ ಸ್ಲಬ್ ಡಿಬಗ್‌ಗೆ ಎಫ್, ಪಿ, ಯು ಅಕ್ಷರಗಳನ್ನೂ ಆ ಒಂದು ಕ್ಯಾಶಿನ ಹೆಸರನ್ನೂ ಕೊಡಿ. ಫ್ರೀ ಆದ ಮೆಮೊರಿಯನ್ನು ಅದು 6ಬಿ ಎಂಬ ಬೈಟಿನಿಂದ ತುಂಬಿಸುತ್ತದೆ. ಊಪ್ಸ್ (ಕರ್ನಲ್ ಎಡವಿದಾಗ ಬರುವ) ಸಂದೇಶದ ರಿಜಿಸ್ಟರ್‌ಗಳಲ್ಲಿ 6ಬಿ6ಬಿ6ಬಿ6ಬಿ ಕಂಡರೆ ಇನ್ನೇನೂ ಯೋಚಿಸಬೇಡಿ, ಯಾರೋ ಫ್ರೀ ಆದದ್ದರಿಂದ ಪಾಯಿಂಟರ್ ಓದಿದ್ದಾರೆ. ಕರ್ನಲ್ 5.12ರಿಂದ ಇಂಥ ತಪ್ಪು ಹಿಡಿಯುವ ಕೆಫೆನ್ಸ್ ಕೂಡ ಇದೆ, ಅದು ಅಲ್ಲೊಂದು ಇಲ್ಲೊಂದು ಅಲೊಕೇಶನ್ ಮಾತ್ರ ಕಾಯುತ್ತದೆ, ಹಾಗಾಗಿ ಹಗುರ. ಆದರೆ ಬಗ್ ಬಲೆಗೆ ಬೀಳಲು ಅದೃಷ್ಟ ಬೇಕು, ಅಥವಾ ತುಂಬಾ ಮೆಷಿನ್‌ಗಳು ಬೇಕು.

ಕೈ ಹಾಕಬಾರದ ದಾರಿಗಳು

ಫ್ರೀ ಮಾಡಿದ ಮೇಲೆ ಪಾಯಿಂಟರಿಗೆ ನಲ್ ಹಾಕುವುದು. ಬೇರೆಯವರು ತಮ್ಮ ಹತ್ತಿರ ಇನ್ನೊಂದು ಕಾಪಿ ಇಟ್ಟುಕೊಂಡಿರುತ್ತಾರೆ, ಅವರಿಗೆ ನಿಮ್ಮ ನಲ್ ಕಾಣುವುದೇ ಇಲ್ಲ. ಡಿಸ್ಕನೆಕ್ಟ್‌ನಲ್ಲಿ ಸ್ವಲ್ಪ ಹೊತ್ತು ಎಂಸ್ಲೀಪ್ ಹಾಕಿ ಸುಮ್ಮನೆ ಕಾಯುವುದು: ಇದನ್ನು ನೋಡಿದ ಮೇಂಟೇನರ್‌ಗೆ (ಆ ಕೋಡ್ ನೋಡಿಕೊಳ್ಳುವವರಿಗೆ) ಬಿಪಿ ಏರುತ್ತದೆ. ಮೂರನೆಯದು ಸ್ವಲ್ಪ ಸೂಕ್ಷ್ಮ. ಡೆವ್‌ಎಂ ಕುಟುಂಬದ ಅಲೊಕೇಶನ್ ಬಳಸಿದರೆ ಫ್ರೀ ತಾನಾಗಿಯೇ ಆಗುತ್ತದಲ್ಲ ಎಂದು ತುಂಬಾ ಜನ ಅದಕ್ಕೆ ಬದಲಾಯಿಸುತ್ತಾರೆ. ಹೌದು, ತಾನಾಗಿಯೇ ಆಗುತ್ತದೆ, ಆದರೆ ಡ್ರೈವರ್ ಬೇರ್ಪಟ್ಟ ಕೂಡಲೇ ಆಗುತ್ತದೆ. ಫೈಲ್ ಇನ್ನೂ ತೆರೆದಿದ್ದರೆ ಅದಕ್ಕೇನೂ ಗೊತ್ತಿಲ್ಲ. ನಾವು ಈಗ ತಾನೇ ಮಾಡಿದ ಕ್ರ್ಯಾಶೇ ಮತ್ತೆ ಬರುತ್ತದೆ, ಈ ಸಲ ಕೆಫ್ರೀ ಸಾಲು ಕೂಡ ಕಣ್ಣಿಗೆ ಕಾಣುವುದಿಲ್ಲ.

ಸರಿಯಾದ ರಿಪೇರಿ

ಹಿಡಿದವರು ಒಬ್ಬರಿಗಿಂತ ಜಾಸ್ತಿ ಇದ್ದಾರೆ, ಯಾರು ಕೊನೆಗೆ ಬಿಡುತ್ತಾರೆ ಎಂದು ಮೊದಲೇ ಹೇಳಲಾಗದು. ಆದ್ದರಿಂದ ಎಣಿಸಬೇಕು. ಕರ್ನಲ್‌ನಲ್ಲಿ ಇದಕ್ಕೆ ಕೆರೆಫ್ ಎಂಬ ಎಣಿಕೆ ಸಲಕರಣೆ ಇದೆ. ಇದರ ಮಾದರಿ ನೋಡಬೇಕಾದರೆ ಕರ್ನಲ್ ಸೋರ್ಸ್‌ನಲ್ಲೇ ಯುಎಸ್‌ಬಿ ಸ್ಕೆಲಿಟನ್ ಎಂಬ ಮಾದರಿ ಡ್ರೈವರ್ ಇದೆ, ಒಮ್ಮೆ ಪೂರ್ತಿ ಓದಿ.

ಸ್ಟ್ರಕ್ಟ್‌ಗೆ ಒಂದು ಕೆರೆಫ್, ಒಂದು ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರೇ ಹಿಡಿಯಬಹುದಾದ ಬೀಗ) ಸೇರಿಸಿ. ಪ್ರೋಬ್‌ನಲ್ಲಿ ಸ್ಟ್ರಕ್ಟ್ ಸಿಕ್ಕ ಕೂಡಲೇ ಕೆರೆಫ್, ಮ್ಯೂಟೆಕ್ಸ್, ವರ್ಕ್ ಮೂರನ್ನೂ ಸಿದ್ಧ ಮಾಡಿ. ಆಮೇಲೆ ಬಫರ್ ತೆಗೆದುಕೊಳ್ಳಿ. ಡಿವೈಸ್ ರಿಜಿಸ್ಟರ್ ಮಾಡುವುದು ಕಟ್ಟಕಡೆಗೆ, ಏಕೆಂದರೆ ರಿಜಿಸ್ಟರ್ ಆದ ಮರುಕ್ಷಣವೇ ಯಾರಾದರೂ ಫೈಲ್ ತೆರೆಯಬಹುದು. ನಡುವೆ ಏನೇ ಕೆಟ್ಟರೂ ಒಂದೇ ಒಂದು ಕೆರೆಫ್-ಪುಟ್ (ಎಣಿಕೆ ಒಂದು ಇಳಿಸುವ ಫಂಕ್ಷನ್) ಕರೆದು ಹೊರಬನ್ನಿ. ಪ್ರತಿಯೊಂದಕ್ಕೂ ಬೇರೆ ಬೇರೆ ಗೋಟು ಲೇಬಲ್ ಬೇಕಾಗುವುದಿಲ್ಲ, ಕೆಫ್ರೀಗೆ ನಲ್ ಕೊಟ್ಟರೆ ಅದು ಏನೂ ಮಾಡದೆ ಸುಮ್ಮನಿರುತ್ತದೆ.

ಓಪನ್‌ನಲ್ಲಿ ಎಣಿಕೆ ಒಂದು ಏರಿಸಿ, ರಿಲೀಸ್‌ನಲ್ಲಿ ಒಂದು ಇಳಿಸಿ. ರೀಡ್‌ನಲ್ಲಿ ಮ್ಯೂಟೆಕ್ಸ್ ಹಿಡಿದು ಫ್ಲ್ಯಾಗ್ ನೋಡಿ, ಕಿತ್ತಾಗಿದ್ದರೆ ಸಾಧನ ಇಲ್ಲ ಎಂಬ ಎರರ್ ವಾಪಸ್ ಕೊಡಿ. ವರ್ಕ್ ಕೂಡ ಮ್ಯೂಟೆಕ್ಸ್ ಹಿಡಿದೇ ಫ್ಲ್ಯಾಗ್ ನೋಡಿ ಆಮೇಲೆ ತನ್ನನ್ನು ಕ್ಯೂಗೆ ಹಾಕಿಕೊಳ್ಳಲಿ.

ಡಿಸ್ಕನೆಕ್ಟ್‌ನಲ್ಲಿ ಅನುಕ್ರಮವೇ ಎಲ್ಲ. ಮೊದಲು ಡಿವೈಸ್ ಡೀರಿಜಿಸ್ಟರ್ ಮಾಡಿ, ಹೊಸದಾಗಿ ಯಾರೂ ಒಳಗೆ ಬರುವುದು ನಿಲ್ಲುತ್ತದೆ. ಆಮೇಲೆ ಮ್ಯೂಟೆಕ್ಸ್ ಹಿಡಿದು ಫ್ಲ್ಯಾಗ್ ಹಾಕಿ, ಮ್ಯೂಟೆಕ್ಸ್ ಬಿಡಿ. ಬಿಟ್ಟ ಮೇಲೆಯೇ ವರ್ಕ್ ರದ್ದು ಮಾಡಿ, ಅದೂ ಹೆಸರಿನ ಕೊನೆಯಲ್ಲಿ ಸಿಂಕ್ ಇರುವ ಕ್ಯಾನ್ಸಲ್ ಫಂಕ್ಷನ್‌ನಿಂದ. ಸಿಂಕ್ ಇಲ್ಲದ್ದು ಕ್ಯೂನಲ್ಲಿರುವುದನ್ನು ಮಾತ್ರ ತೆಗೆಯುತ್ತದೆ, ಆಗಲೇ ಓಡುತ್ತಿರುವುದು ಮುಗಿಯುವವರೆಗೆ ಕಾಯುವುದಿಲ್ಲ. ಮ್ಯೂಟೆಕ್ಸ್ ಹಿಡಿದುಕೊಂಡೇ ಸಿಂಕ್ ಕರೆದರೆ, ವರ್ಕ್ ಆ ಮ್ಯೂಟೆಕ್ಸ್‌ಗೆ ಕಾಯುತ್ತದೆ, ನೀವು ವರ್ಕ್‌ಗೆ ಕಾಯುತ್ತೀರಿ, ಇಬ್ಬರೂ ಅಲ್ಲೇ. ರೀಡ್‌ನಲ್ಲಿ ಯಾರಾದರೂ ಡೇಟಾಗೆ ಕಾದು ಮಲಗಿದ್ದರೆ ಅವರನ್ನೂ ಎಬ್ಬಿಸಿ. ಕೊನೆಗೆ ಕೆರೆಫ್-ಪುಟ್.

ಎಣಿಕೆ ಸೊನ್ನೆಗೆ ಬಂದಾಗ ಓಡುವ ಫಂಕ್ಷನ್‌ನಲ್ಲಿ ಬಫರ್, ಯುಎಸ್‌ಬಿ ಡಿವೈಸ್‌ನ ರೆಫರೆನ್ಸ್, ಕಟ್ಟಕಡೆಗೆ ಸ್ಟ್ರಕ್ಟ್, ಹೀಗೆ ಬಿಡಿ. ಇಡೀ ಡ್ರೈವರ್‌ನಲ್ಲಿ ಇವುಗಳನ್ನು ಫ್ರೀ ಮಾಡುವ ಜಾಗ ಇದೊಂದೇ ಇರಬೇಕು.

ಪರೀಕ್ಷೆ: ಸುಖದ ದಾರಿ ಸಾಲದು

ಮೊದಲ ಬಿಲ್ಡ್‌ನಲ್ಲಿ ಬೈಂಡ್ ಲೂಪ್ ಮತ್ತೆ ಓಡಿಸಿ, ಹಿಂದೆ ಬರೆದಿಟ್ಟ ಲೆಕ್ಕದ ಜೊತೆ ಹೋಲಿಸಿ. ಎರಡನೇ ಬಿಲ್ಡ್‌ನಲ್ಲಿ ಓಪನ್, ರೀಡ್, ಕ್ಲೋಸ್ ಮಾಡುತ್ತಿರುವ ಹಲವು ಪ್ರೋಸೆಸ್‌ಗಳ ನಡುವೆ ಅನ್‌ಬೈಂಡ್ ಲೂಪ್ ಬಿಡಿ, ರಾತ್ರಿಯಿಡೀ ಓಡಲಿ.

ಎರರ್ ದಾರಿಗಳು ಮಾತ್ರ ತಾನಾಗಿ ಓಡುವುದಿಲ್ಲ, ಓಡಿಸಬೇಕು. ಬೇಕೆಂದೇ ಅಲೊಕೇಶನ್ ಸೋಲಿಸುವ ಫೇಲ್‌ಸ್ಲ್ಯಾಬ್ ಆನ್ ಮಾಡಿದ ಕರ್ನಲ್‌ನಲ್ಲಿ ಪ್ರೋಸೆಸ್ಸಿನ ಫೇಲ್-ಎನ್‌ತ್ ಫೈಲಿಗೆ 1 ಎಂದು ಬರೆದರೆ ಅದರ ಮುಂದಿನ ಮೊದಲ ಅಲೊಕೇಶನ್ ಸೋಲುತ್ತದೆ, 2 ಎಂದರೆ ಎರಡನೆಯದು. ಹೀಗೆ ಏರಿಸುತ್ತ ಪ್ರತಿ ಸಲ ಬೈಂಡ್ ಮಾಡಿ. ಇಲ್ಲಿ ಸುಮಾರು ಜನ ಎಡವುತ್ತಾರೆ: ಫೇಲ್‌ಸ್ಲ್ಯಾಬ್ ಡೈರೆಕ್ಟರಿಯ ಇಗ್ನೋರ್-ಜಿಎಫ್‌ಪಿ-ವೇಟ್ ಮೊದಲಿಗೆ ವೈ ಎಂದಿರುತ್ತದೆ, ಅಂದರೆ ಕಾಯಬಲ್ಲ ಅಲೊಕೇಶನ್‌ಗಳನ್ನು ಅದು ಮುಟ್ಟುವುದೇ ಇಲ್ಲ. ಪ್ರೋಬ್‌ನಲ್ಲಿ ಇರುವುದೆಲ್ಲ ಜಿಎಫ್‌ಪಿ ಕರ್ನಲ್, ಅಂದರೆ ಕಾಯಬಲ್ಲದ್ದೇ. ಅದನ್ನು ಎನ್ ಮಾಡದಿದ್ದರೆ ಎಲ್ಲ ಪರೀಕ್ಷೆಯೂ ಪಾಸ್, ಒಂದೂ ನಡೆದಿರುವುದಿಲ್ಲ.

ಪ್ಯಾಚ್ ಕಳಿಸುವಾಗ

ಸಾಮಾನ್ಯ ಬಳಕೆದಾರನೂ ಈ ಯೂಸ್ ಆಫ್ಟರ್ ಫ್ರೀ ಎಬ್ಬಿಸಬಹುದು ಅನಿಸಿದರೆ ಮೊದಲು ಕರ್ನಲ್‌ನ ಸೆಕ್ಯುರಿಟಿ ತಂಡಕ್ಕೆ ಬರೆಯಿರಿ. ಇಲ್ಲದಿದ್ದರೆ ಗೆಟ್-ಮೇಂಟೇನರ್ ಸ್ಕ್ರಿಪ್ಟ್ ಹೇಳಿದವರಿಗೆ, ಚೆಕ್‌ಪ್ಯಾಚ್ ಓಡಿಸಿದ ಮೇಲೆ, ಪ್ಲೇನ್ ಟೆಕ್ಸ್ಟ್‌ನಲ್ಲಿ ಕಳಿಸಿ.

ಕೆಲಸವನ್ನು ಎರಡು ಪ್ಯಾಚ್ ಮಾಡಿ. ಮೊದಲನೆಯದರಲ್ಲಿ ಎಣಿಕೆ, ಫ್ಲ್ಯಾಗ್, ವರ್ಕ್ ರದ್ದು ಮಾಡುವುದು. ಎರಡನೆಯದರಲ್ಲಿ ಫ್ರೀ. ತಿರುಗಿಸಿ ಹಾಕಿದರೆ ಮೊದಲ ಪ್ಯಾಚ್ ಮಾತ್ರ ಇರುವ ಕರ್ನಲ್ ಕ್ರ್ಯಾಶ್ ಆಗುತ್ತದೆ, ಮುಂದೆ ಯಾರೋ ಬೇರೆ ಬಗ್‌ಗೆ ಗಿಟ್ ಬೈಸೆಕ್ಟ್ (ಬಗ್ ತಂದ ಕಮಿಟ್ ಹುಡುಕುವುದು) ಮಾಡುವಾಗ ಆ ಹೊಂಡಕ್ಕೆ ಬೀಳುತ್ತಾರೆ. ಕಮಿಟ್ ಸಂದೇಶದಲ್ಲಿ ಯಾರು ಯಾರು ಮೆಮೊರಿ ಹಿಡಿದಿದ್ದರು, ಯಾವ ಕ್ರಮದಲ್ಲಿ ಬಿಟ್ಟರೆ ಎಡವಟ್ಟಾಗುತ್ತದೆ ಎಂದು ಬರೆಯಿರಿ. ಕಾಸಾನ್ ರಿಪೋರ್ಟ್ ಪೂರ್ತಿ ಅಂಟಿಸಬೇಡಿ, ಮೂರು ಸ್ಟ್ಯಾಕ್‌ಗಳ ಮುಖ್ಯ ಸಾಲುಗಳು ಸಾಕು. ಫಿಕ್ಸಸ್ ಟ್ಯಾಗ್‌ನಲ್ಲಿ ತಪ್ಪು ಶುರುವಾದ ಕಮಿಟ್‌ನ ಹ್ಯಾಶ್‌ನ ಮೊದಲ 12 ಅಕ್ಷರ ಹಾಕಿ. ಎರಡನೇ ಪ್ಯಾಚ್‌ನದು ಕೆಫ್ರೀ ಅಳಿಸಿದ ಕಮಿಟ್, ಮೊದಲನೆಯದು ಬಹುಶಃ ಡ್ರೈವರ್ ಮೊದಲು ಸೇರಿದ ಕಮಿಟ್ಟೇ. ಹಳೇ ಕರ್ನಲ್‌ಗಳಿಗೂ ಹೋಗಬೇಕಾದದ್ದು, ಆದ್ದರಿಂದ ಸ್ಟೇಬಲ್‌ಗೆ ಸಿಸಿ ಟ್ಯಾಗ್ ಸೇರಿಸಿ.

ಎರಡು ವಾರ ಉತ್ತರ ಬರದಿದ್ದರೆ ಅದೇ ಮೇಲ್‌ಗೆ ಸಣ್ಣದೊಂದು ಜ್ಞಾಪನೆ ಕಳಿಸಬಹುದು. ಬದಲಾವಣೆ ಕೇಳಿದರೆ ಎರಡನೇ ವರ್ಷನ್ ಕಳಿಸಿ, ಏನು ಬದಲಾಯಿತು ಎಂಬುದನ್ನು ಮೂರು ಅಡ್ಡಗೆರೆಯ ಕೆಳಗೆ ಬರೆಯಿರಿ. ಅಲ್ಲಿ ಬರೆದದ್ದು ಗಿಟ್ ಇತಿಹಾಸಕ್ಕೆ ಸೇರುವುದಿಲ್ಲ.